ಪಕ್ಕಕ್ಕೆ ಸರಿದು ನಿಂತ ಪಿಯಾನೊ

ಅಮೆರಿಕದ ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ಹೆಸರಾಂತ ಧ್ವನಿಮುದ್ರಣಗಳನ್ನು ಆಯ್ದು ಕೊಲಂಬಿಯಾ ಸಂಸ್ಥೆ 1966ರಲ್ಲಿ ಒಂದು ಎಲ್‌ಪಿ ತಟ್ಟೆಯನ್ನು ಹೊರತಂದಿತು. ಅದರ ಹೆಸರು ‘ಡೇವ್ ಬ್ರೂಬೆಕ್ಸ್ ಗ್ರೇಟೆಸ್ಟ್ ಹಿಟ್ಸ್’. ಅದರಲ್ಲಿರುವುದು 11 ರಚನೆಗಳು. ಮೊದಲನೆಯದು, ಜಗತ್ತಿನಲ್ಲಿ ಜಾಝ್ ಕೇಳದವರ ಕಿವಿಗೂ ಎಲ್ಲೋ ಒಮ್ಮೆ ಬಿದ್ದಿರಬಹುದಾದ ‘ಟೇಕ್ ಫೈವ್’. ಪಿಯಾನೊ ವಾದಕರ ಸಂಕಲನವಾದ್ದರಿಂದ ಇಲ್ಲಿ ಪಿಯಾನೊ ಮೆರೆಯುತ್ತದೆ ಎಂದೇ ಯಾರಾದರೂ ಭಾವಿಸುತ್ತಾರೆ. ಆದರೆ ‘ಟೇಕ್ ಫೈವ್’ ಬ್ರೂಬೆಕ್ ಅವರ ರಚನೆಯಲ್ಲ. ಅವರ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಅವರದು. ಅದರಲ್ಲಿ ಸ್ಯಾಕ್ಸೊಫೋನ್ ಹಾಡುತ್ತದೆ, ಆಮೇಲೆ ಡ್ರಮ್ಸ್ ಮಾತಾಡುತ್ತದೆ. ಪಿಯಾನೊ ಮಾತ್ರ ಎರಡೇ ಸ್ವರಮೇಳಗಳ ಒಂದು ಚಿಕ್ಕ ವರಸೆಯನ್ನು ಹೆಚ್ಚುಕಡಿಮೆ ಮೊದಲಿನಿಂದ ಕೊನೆಯವರೆಗೆ ನುಡಿಸುತ್ತ ಹಿಂದೆ ಉಳಿಯುತ್ತದೆ. ಆ ಧ್ವನಿಮುದ್ರಣದಲ್ಲಿ ಪಿಯಾನೊಗೆ ಸ್ವಂತ ಆಲಾಪನೆಯೇ ಇಲ್ಲ. ಒಬ್ಬ ಪಿಯಾನೊ ವಾದಕರ ಅತ್ಯಂತ ಪ್ರಸಿದ್ಧ ಧ್ವನಿಮುದ್ರಣ ಹೀಗಿರುವುದು ಆಕಸ್ಮಿಕವೇ, ಜನರ ಅಭಿರುಚಿಯ ತಪ್ಪೇ, ಮಾರಾಟಗಾರರ ಕೈಚಳಕವೇ? ಈ ಮೂರೂ ಅಲ್ಲವೆಂದು ನನ್ನ ವಾದ. ಬ್ರೂಬೆಕ್ ಅವರ ನಿಜವಾದ ಶಕ್ತಿ ಇದ್ದದ್ದು ಲಯದ ನೆಲವನ್ನು ಕಟ್ಟಿ, ಅದರ ಮೇಲೆ ಇತರರು ನಿಶ್ಚಿಂತೆಯಿಂದ ಓಡಾಡುವಂತೆ ಕಾಯುವುದರಲ್ಲಿ. ಈ ಸಂಕಲನ, ತನಗೆ ಅಂಥ ಉದ್ದೇಶವೇನೂ ಇಲ್ಲದಿದ್ದರೂ, ಆ ಸತ್ಯವನ್ನು ನಮ್ಮ ಮುಂದಿಡುತ್ತದೆ.

ಬ್ರೂಬೆಕ್ ಹುಟ್ಟಿದ್ದು 1920ರ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಕಾನ್ಕರ್ಡ್ ಊರಿನಲ್ಲಿ. ತಂದೆ ದನಗಳ ದೊಡ್ಡ ಹಿಂಡನ್ನು ನೋಡಿಕೊಳ್ಳುತ್ತಿದ್ದವರು, ತಾಯಿ ಪಿಯಾನೊ ಕಲಿಸುತ್ತಿದ್ದವರು. ಬರೆದ ಸಂಗೀತವನ್ನು ಸರಾಗವಾಗಿ ಓದಿ ನುಡಿಸಲು ಬಾರದ ಈ ವಿದ್ಯಾರ್ಥಿಗೆ, ಮುಂದೆ ಎಂದೂ ಸಂಗೀತ ಪಾಠ ಹೇಳುವುದಿಲ್ಲ ಎಂಬ ಮಾತು ತೆಗೆದುಕೊಂಡು ಅವರು ಓದುತ್ತಿದ್ದ ಕಾಲೇಜು 1942ರಲ್ಲಿ ಪದವಿ ಕೊಟ್ಟಿತು. ಯುದ್ಧಕಾಲದಲ್ಲಿ ಯೂರೋಪಿನಲ್ಲಿ ಸೈನಿಕರಾಗಿದ್ದು, ಕರಿಯರೂ ಬಿಳಿಯರೂ ಒಟ್ಟಿಗೆ ನುಡಿಸುವ ತಂಡವೊಂದನ್ನು ಕಟ್ಟಿದರು. ಹಿಂತಿರುಗಿದ ಮೇಲೆ ಓಕ್‌ಲೆಂಡಿನ ಮಿಲ್ಸ್ ಕಾಲೇಜಿನಲ್ಲಿ ಫ್ರೆಂಚ್ ಸಂಗೀತಕಾರ ಡಾರಿಯಸ್ ಮೀಯೊ ಅವರ ಶಿಷ್ಯರಾದರು. ಒಂದೇ ವೇಳೆಗೆ ಎರಡು ಶ್ರುತಿಗಳನ್ನು ನಡೆಸುವ ಧೈರ್ಯ, ಜಾಝನ್ನು ಬಿಡದೆಯೇ ಗಂಭೀರ ರಚನಕಾರನಾಗಬಹುದೆಂಬ ಭರವಸೆ, ಎರಡೂ ಅವರಿಗೆ ಬಂದದ್ದು ಆ ಗುರುವಿನಿಂದ. 1951ರಲ್ಲಿ ಡೆಸ್ಮಂಡ್ ಜೊತೆ ನಾಲ್ವರ ತಂಡ ಕಟ್ಟಿದರು. ಅದೇ ವರ್ಷ ಹೊನಲುಲುವಿನಲ್ಲಿ ಸಮುದ್ರಕ್ಕೆ ಧುಮುಕುವಾಗ ಕತ್ತಿಗೆ ಪೆಟ್ಟುಬಿದ್ದು ಕೈಗಳ ನರಗಳು ಬಾಧಿತವಾದವು. ಬೆರಳುಗಳು ಒಂದೊಂದೇ ಸ್ವರದಲ್ಲಿ ವೇಗವಾಗಿ ಹರಿಯುವ ಶೈಲಿಗಿಂತ, ಹಲವು ಸ್ವರಗಳನ್ನು ಒಟ್ಟಿಗೆ ಒತ್ತಿ ಗಟ್ಟಿಯಾಗಿ ನಡೆಯುವ ಶೈಲಿ ಆಮೇಲೆ ಅವರ ಗುರುತಾಯಿತು. ಅದನ್ನು ಭಾರ ಎಂದು ಜರೆದ ವಿಮರ್ಶಕರಿದ್ದರು. ಬರೀ ಏಕವ್ಯಕ್ತಿ ಪಿಯಾನೊವಾಗಿ ಕೇಳಿದರೆ ಆ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದೇ ಭಾರ ತಂಡದೊಳಗೆ ಬಂದಾಗ ಅಡಿಪಾಯವಾಗುತ್ತದೆ. ಡೆಸ್ಮಂಡ್ ಅವರ ಹಗುರವಾದ, ತೇಲುವ ಸ್ವರಕ್ಕೆ ಕೆಳಗೊಂದು ನೆಲ ಬೇಕಿತ್ತು.

‘ಟೇಕ್ ಫೈವ್’ ಹುಟ್ಟಿದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವಾದದ ತಿರುಳು ಅಲ್ಲಿದೆ. ತಂಡದ ಡ್ರಮ್ಸ್ ವಾದಕ ಜೋ ಮೊರೆಲ್ಲೊ 5 ಎಣಿಕೆಯ ಲಯದಲ್ಲಿ ಆಡುವುದರಲ್ಲಿ ನಿಪುಣರು. ಅವರ ಕೈಚಳಕ ತೋರಿಸಲು 5ರಲ್ಲಿ ಒಂದು ರಚನೆ ಬೇಕೆಂದು ಬ್ರೂಬೆಕ್ ಡೆಸ್ಮಂಡ್ ಅವರನ್ನು ಕೇಳಿದರು. ಡೆಸ್ಮಂಡ್ ತಂದದ್ದು ಎರಡು ಬಿಡಿ ಧಾಟಿಗಳು. ಒಂದನ್ನು ಮುಖ್ಯ ಭಾಗವಾಗಿ, ಇನ್ನೊಂದನ್ನು ನಡುವಿನ ಸೇತುವೆಯಾಗಿ ಜೋಡಿಸಿ ಇಡೀ ರಚನೆಗೆ ಆಕಾರ ಕೊಟ್ಟವರು ಬ್ರೂಬೆಕ್. ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊದಲ್ಲಿ 1959ರ ಜೂನ್ 25ರಂದು ಇಪ್ಪತ್ತಕ್ಕೂ ಹೆಚ್ಚು ಬಾರಿ ಪ್ರಯತ್ನಿಸಿದರೂ ಅದು ಕೈಗೂಡಲಿಲ್ಲ; ಯಾರಾದರೊಬ್ಬರು ಎಣಿಕೆ ತಪ್ಪುತ್ತಿದ್ದರು. ಜುಲೈ 1ರಂದು ಮತ್ತೆ ಕುಳಿತಾಗ ಅದು ಸಿದ್ಧಿಸಿತು. ಈ ಹಿನ್ನೆಲೆಯಲ್ಲಿ ಪಿಯಾನೊದ ಆ ಪುಟ್ಟ ವರಸೆಯನ್ನು ಕೇಳಬೇಕು. ಅದು 3 ಮತ್ತು 2 ಎಂದು ಒಡೆದು ನಿಂತ 5. ಆಲಾಪನೆಗಾರ ಎಷ್ಟು ದೂರ ಹೋದರೂ ಮೊದಲ ಎಣಿಕೆ ಎಲ್ಲಿ ಬೀಳುತ್ತದೆಂದು ಅದು ತಿಳಿಸುತ್ತಲೇ ಇರುತ್ತದೆ. ಮೊರೆಲ್ಲೊ ಅವರ ಡ್ರಮ್ಸ್ ಭಾಗದಲ್ಲಿ ಇದು ಇನ್ನೂ ಸ್ಪಷ್ಟ: ಅವರು ಮೌನವನ್ನೂ ಬಳಸುತ್ತ, ಪೆಟ್ಟುಗಳನ್ನು ಎಣಿಕೆಯ ಆಚೀಚೆ ಎಸೆಯುತ್ತ ಹೋಗುವಾಗ ಪಿಯಾನೊ ಅಲುಗುವುದಿಲ್ಲ. ಪಿಯಾನೊ ಅಲ್ಲಿ ಒಂದು ಸಲ ಆಸೆಪಟ್ಟು ಅಲಂಕಾರಕ್ಕೆ ಕೈಹಾಕಿದ್ದರೂ ಡ್ರಮ್ಸಿನ ಸ್ವಾತಂತ್ರ್ಯ ಕೇಳುಗನಿಗೆ ಗೊಂದಲವಾಗಿ ಕೇಳಿಸುತ್ತಿತ್ತು. ಅಷ್ಟು ಹೊತ್ತು ಒಂದನ್ನೇ ನುಡಿಸುವುದು ತಂಡದ ನಾಯಕನಿಗೆ ಸುಲಭದ ತ್ಯಾಗವಲ್ಲ.

ಐದರ ಲಯ ಕನ್ನಡದ ಕಿವಿಗೆ ವಿಚಿತ್ರವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಲಕ್ಷ್ಮೀಶನ ‘ಜೈಮಿನಿ ಭಾರತ’ ನಡೆಯುವುದು ಐದೈದು ಮಾತ್ರೆಗಳ ಗಣಗಳಲ್ಲಿ, ವಾರ್ಧಕ ಷಟ್ಪದಿಯಲ್ಲಿ. ಕುಮಾರವ್ಯಾಸನ ಭಾಮಿನಿ ಷಟ್ಪದಿಯದು ಮೂರು ನಾಲ್ಕು, ಅಂದರೆ ಏಳರ ನಡಿಗೆ. ಕರ್ನಾಟಕ ಸಂಗೀತದಲ್ಲಿ ಖಂಡ ಚಾಪು, ಮಿಶ್ರ ಚಾಪುಗಳು ದಿನನಿತ್ಯದ ತಾಳಗಳು. ಹಾಗಿದ್ದರೆ ಬ್ರೂಬೆಕ್ ಮಾಡಿದ್ದೇನು ದೊಡ್ಡದು ಎಂದು ನಮ್ಮಲ್ಲಿ ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿಲ್ಲ. ಜಾಝ್ ಬೆಳೆದದ್ದು ಮೆರವಣಿಗೆ ಮತ್ತು ಕುಣಿತಗಳ ಜೊತೆಗೆ; ನಾಲ್ಕರ ಎಣಿಕೆ ಆ ಸಂಗೀತದವರ ಮೈಯಲ್ಲೇ ಸೇರಿಹೋಗಿತ್ತು, ವಾಲ್ಟ್ಸ್‌ನ ಮೂರು ಕೂಡ ಅಲ್ಲಿ ಅಪರೂಪದ ಅತಿಥಿ. ನಮ್ಮ ತಾಳವಾದ್ಯಗಾರರಿಗೂ ಕೇಳುಗರಿಗೂ ಕೈಯಲ್ಲಿ ತಾಳ ಹಾಕುವ ಅಭ್ಯಾಸವಿದೆ, ಶತಮಾನಗಳ ಶಿಕ್ಷಣವಿದೆ. ಅಮೆರಿಕದ ಕೇಳುಗನಿಗೆ ಅಂಥ ಆಸರೆ ಏನೂ ಇರಲಿಲ್ಲ. ಅವನಿಗೆ ಪಾಠ ಹೇಳದೆ, ಎಣಿಸಲು ಹೇಳದೆ, ಐದನ್ನು ಅವನ ಕಾಲಿಗೆ ಅಭ್ಯಾಸ ಮಾಡಿಸಬೇಕಿತ್ತು. ಪಿಯಾನೊದ ಮರುಕಳಿಸುವ ವರಸೆ ಮಾಡಿದ್ದು ಆ ಕೆಲಸವನ್ನು. ನಮ್ಮ ಕಛೇರಿಯಲ್ಲಿ ಸಭಿಕರ ಕೈ ಹಾಕುವ ತಾಳವನ್ನು ಅಲ್ಲಿ ಬ್ರೂಬೆಕ್ ಹಾಕಿದರು.

ಈ ದೃಷ್ಟಿಗೆ ಸಂಕಲನದ ಇನ್ನೆರಡು ರಚನೆಗಳು ಪುರಾವೆ ಕೊಡುತ್ತವೆ. 1958ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಈ ತಂಡವನ್ನು ಪೋಲೆಂಡ್, ಟರ್ಕಿ, ಇರಾನ್, ಇರಾಕ್, ಪಾಕಿಸ್ತಾನ, ಭಾರತ, ಸಿಲೋನ್ ಮೊದಲಾದ ದೇಶಗಳಿಗೆ ಕಳಿಸಿತು. ಇಸ್ತಾಂಬುಲಿನ ಬೀದಿಯಲ್ಲಿ ವಾದ್ಯಗಾರರು ನುಡಿಸುತ್ತಿದ್ದ ಒಂಬತ್ತರ ಲಯವೊಂದು ಬ್ರೂಬೆಕ್ ಕಿವಿಗೆ ಬಿತ್ತು: 2, 2, 2, 3. ಅಲ್ಲಿನ ಬಾನುಲಿ ಕೇಂದ್ರದ ವಾದ್ಯಗಾರರನ್ನು ಅದರ ಬಗ್ಗೆ ವಿಚಾರಿಸಿದಾಗ, ನಿಮಗೆ ಬ್ಲೂಸ್ ಹೇಗೋ ನಮಗೆ ಇದು ಹಾಗೆ ಎಂಬ ಅರ್ಥದ ಉತ್ತರ ಬಂತೆಂದು ಅವರು ಮುಂದೆ ಹೇಳುತ್ತಿದ್ದರು. ‘ಬ್ಲೂ ರೊಂಡೊ ಆ ಲಾ ಟರ್ಕ್’ ಆ ಮಾತಿಗೆ ಕೊಟ್ಟ ರೂಪ. ಮೂರು ಸಲ 2, 2, 2, 3 ನಡೆದು ನಾಲ್ಕನೆಯ ಸಲ 3, 3, 3 ಆಗುವ ಮೊದಲ ಭಾಗ ಗಡಿಯಾರದಷ್ಟು ಬಿಗಿ. ಬಳಿಕ ಒಂಬತ್ತೂ ನಾಲ್ಕೂ ಒಂದನ್ನೊಂದು ಕರೆಯುತ್ತ ಬಂದು, ಕಡೆಗೆ ನೆಲ ಬಿಸಿಯಾದಂತೆ ಸಡಿಲ ಬ್ಲೂಸ್ ತೆರೆದುಕೊಳ್ಳುತ್ತದೆ. ಇಲ್ಲಿ ಪಿಯಾನೊಗೆ ತನ್ನದೇ ಆಲಾಪನೆಯಿದೆ, ಚೆನ್ನಾಗಿಯೂ ಇದೆ. ಆದರೂ ಕೇಳಿದವರ ನೆನಪಿನಲ್ಲಿ ಉಳಿಯುವುದು ಆ ಒಂಬತ್ತರ ಚಕ್ರವೇ. 1961ರ ‘ಅನ್‌ಸ್ಕ್ವೇರ್ ಡ್ಯಾನ್ಸ್’ ಇನ್ನೂ ಬರಿದು: ಏಳರ ಎಣಿಕೆ, ಬಾಸ್‌ನ ನಡೆ, ಚಪ್ಪಾಳೆಗಳು, ಕೋಲುಗಳ ಟಕಟಕ, ನಡುವೆ ಪಿಯಾನೊದ ಒಂದಿಷ್ಟು ಮಾತು. ಕೊನೆಯಲ್ಲಿ, ಎಡವದೆ ದಾಟಿದ ಸಂತೋಷಕ್ಕೆ ಮೊರೆಲ್ಲೊ ನಕ್ಕದ್ದೂ ಮುದ್ರಣದಲ್ಲಿ ಉಳಿದಿದೆ. ಎರಡು ನಿಮಿಷದ ಈ ತುಣುಕು ಇಡೀ ತಟ್ಟೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಇಂಥ ಸಂಕಲನಗಳು ಶುದ್ಧ ವ್ಯಾಪಾರ, ಇವುಗಳಿಂದ ಕಲೆಯ ಬಗ್ಗೆ ಏನನ್ನೂ ಊಹಿಸಬಾರದು ಎನ್ನುವುದು. ವ್ಯಾಪಾರ ಎಂಬುದು ನಿಜ. 1958ರಲ್ಲಿ ಇದೇ ಕೊಲಂಬಿಯಾ ಗಾಯಕ ಜಾನಿ ಮ್ಯಾಥಿಸ್ ಅವರ ಜನಪ್ರಿಯ ಹಾಡುಗಳನ್ನು ಒಂದೇ ತಟ್ಟೆಯಲ್ಲಿ ಸೇರಿಸಿ ಬಿಟ್ಟಾಗ, ಅದು ಒಟ್ಟು ಒಂಬತ್ತು ವರ್ಷಕ್ಕೂ ಮಿಕ್ಕಿ ಮಾರಾಟದ ಪಟ್ಟಿಯಲ್ಲಿತ್ತು. ಹೊಸದಾಗಿ ಸ್ಟುಡಿಯೊ ಖರ್ಚಿಲ್ಲದೆ ಹಣ ತರುವ ಈ ದಾರಿಯನ್ನು ಸಂಸ್ಥೆಗಳು ಬಿಡಲಿಲ್ಲ. ಆದರೆ ಬ್ರೂಬೆಕ್ ವಿಷಯದಲ್ಲಿ ವ್ಯಾಪಾರಿಗಳ ಊಹೆಯೂ ಕೇಳುಗರ ಆಯ್ಕೆಯೂ ಬೇರೆಬೇರೆ ದಿಕ್ಕಿಗಿದ್ದವು ಎಂಬುದಕ್ಕೆ ದಾಖಲೆ ಇದೆ. ‘ಟೇಕ್ ಫೈವ್’ ಮೊದಲು ಬಂದ ‘ಟೈಮ್ ಔಟ್’ ಆಲ್ಬಮ್ಮಿನ ಯೋಜನೆ ಕೇಳಿ ಸಂಸ್ಥೆಯ ಮಾರಾಟ ವಿಭಾಗದವರು ಹಿಂಜರಿದರು: ಎಲ್ಲವೂ ಹೊಸ ರಚನೆ, ಜನರಿಗೆ ಗೊತ್ತಿರುವ ಹಾಡು ಒಂದೂ ಇಲ್ಲ, ಕುಣಿಯಲಾಗದ ಲಯಗಳು, ಹೊದಿಕೆಯ ಮೇಲೆ ಅಮೂರ್ತ ಚಿತ್ರ. ಸಂಸ್ಥೆಯ ಅಧ್ಯಕ್ಷ ಗಾಡರ್ಡ್ ಲೀಬರ್ಸನ್ ಬೆಂಬಲಕ್ಕೆ ನಿಂತರು. ಅದರ ನಷ್ಟಕ್ಕೆ ಜಾಮೀನಾಗಿ, ಅಮೆರಿಕದ ದಕ್ಷಿಣ ರಾಜ್ಯಗಳ ಹಳೆಯ ಹಾಡುಗಳನ್ನು ಆಧರಿಸಿದ ‘ಗಾನ್ ವಿತ್ ದ ವಿಂಡ್’ ಎಂಬ ಇನ್ನೊಂದು ಆಲ್ಬಮ್ಮನ್ನು ತಂಡ ನುಡಿಸಿಕೊಟ್ಟಿತು. ಈಗ ಸಂಕಲನ ತೆರೆದು ನೋಡಿ: ಜಾಮೀನಿನ ಆಲ್ಬಮ್ಮಿನಿಂದ ‘ಕ್ಯಾಂಪ್‌ಟೌನ್ ರೇಸಸ್’ ಬಂದಿದೆ, ಸಂಸ್ಥೆ ಹೆದರಿದ್ದ ಆಲ್ಬಮ್ಮಿನಿಂದ ‘ಟೇಕ್ ಫೈವ್’ ಮತ್ತು ‘ಬ್ಲೂ ರೊಂಡೊ’. ಇಂದು ಯಾವುದು ಉಳಿದಿದೆ ಎಂದು ಹೇಳಬೇಕಾಗಿಲ್ಲ. 1961ರಲ್ಲಿ ಸಿಂಗಲ್ ತಟ್ಟೆಯಾಗಿ, ಮೂರು ನಿಮಿಷದೊಳಗೆ ಕತ್ತರಿಸಿದ ‘ಟೇಕ್ ಫೈವ್’ ಬಾನುಲಿಯಿಂದಲೂ ಜೂಕ್‌ಬಾಕ್ಸ್‌ಗಳಿಂದಲೂ ಹಬ್ಬಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ 25ನೇ ಸ್ಥಾನಕ್ಕೇರಿತು; ‘ಟೈಮ್ ಔಟ್’ ಆಲ್ಬಮ್ಮುಗಳ ಪಟ್ಟಿಯಲ್ಲಿ 2ನೇ ಸ್ಥಾನ ಮುಟ್ಟಿತು. ಆ ಆಯ್ಕೆ ಕೇಳುಗರದು. ಮಾರಾಟಗಾರರು ಆಮೇಲೆ ಅದನ್ನು ಹಿಂಬಾಲಿಸಿದರು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಆಲ್ಬಮ್ ಎಂಬುದು ಒಂದು ಇಡೀ ಕೃತಿ. ಅದರಿಂದ ತುಂಡು ಕಿತ್ತು ಬೇರೆ ತುಂಡುಗಳ ಪಕ್ಕ ಕೂರಿಸಿದರೆ ಅರ್ಥ ಕೆಡುತ್ತದೆ ಎನ್ನುವ ವಾದ ಅದು. ‘ಟೈಮ್ ಔಟ್’ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಅದು ‘ಬ್ಲೂ ರೊಂಡೊ’ದಿಂದ ಶುರುವಾಗಿ, ‘ಸ್ಟ್ರೇಂಜ್ ಮೆಡೋ ಲಾರ್ಕ್’ನ ವಿಶ್ರಾಂತಿ ದಾಟಿ ‘ಟೇಕ್ ಫೈವ್’ಗೆ ಬರುತ್ತದೆ: ಒಂಬತ್ತರ ಬಿಗಿ, ಬಳಿಕ ಲಯವಿಲ್ಲದಂತೆ ತೋರುವ ಏಕಾಂಗಿ ಪಿಯಾನೊ, ಆಮೇಲೆ ಐದು. ಆ ಏರಿಳಿತ ಸಂಕಲನದಲ್ಲಿಲ್ಲ. ಇನ್ನೂ ದೊಡ್ಡ ನಷ್ಟವೊಂದಿದೆ. ಇಂಥ ತಟ್ಟೆ ಒಂದು ಸಂಸ್ಥೆಯ ಕಪಾಟಿನಷ್ಟೇ ಅಗಲ. ಬ್ರೂಬೆಕ್ ಕೊಲಂಬಿಯಾಕ್ಕೆ ಬಂದದ್ದು 1954ರಲ್ಲಿ. ಅದಕ್ಕೆ ಮೊದಲು ಫ್ಯಾಂಟಸಿ ಸಂಸ್ಥೆಗೆ ಅವರು ನುಡಿಸಿದ್ದು ಇಲ್ಲಿ ಸೇರುವಂತೆಯೇ ಇರಲಿಲ್ಲ. ಆದ್ದರಿಂದ 1953ರಲ್ಲಿ ಒಬರ್ಲಿನ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ನುಡಿಸಿದ ಆ ಕಛೇರಿ, ಬ್ರೂಬೆಕ್ ಅಪಾಯಕ್ಕೆ ಕೈಯೊಡ್ಡಿ, ಸ್ವರಮೇಳದ ಮೇಲೆ ಸ್ವರಮೇಳ ಪೇರಿಸುತ್ತ ಉಸಿರು ಕಟ್ಟಿಸುವ ಆ ಪಿಯಾನೊ, ಇಲ್ಲಿ ಒಂದು ನಿಮಿಷವೂ ಇಲ್ಲ. ಪಿಯಾನೊ ಹಿಂದೆ ನಿಲ್ಲುತ್ತದೆ ಎಂಬ ನನ್ನ ತೀರ್ಮಾನ ಈ ಕೊರತೆಯಿಂದಲೇ ಹುಟ್ಟಿದ್ದಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಒಬರ್ಲಿನ್ ಕೇಳಿದ ಮೇಲೂ ತೀರ್ಮಾನ ನಿಲ್ಲುತ್ತದೆ ಎಂಬುದು ನನ್ನ ಉತ್ತರ. ಅಲ್ಲಿಯೂ ಡೆಸ್ಮಂಡ್ ಹಾರುವಾಗ ಕೆಳಗೆ ಹಿಡಿದು ನಿಂತವರು ಬ್ರೂಬೆಕ್. 1956ರಲ್ಲಿ ಮೊರೆಲ್ಲೊ, 1958ರಲ್ಲಿ ಬಾಸ್ ವಾದಕ ಯೂಜೀನ್ ರೈಟ್ ಬಂದ ಮೇಲೆ ಆ ಹಿಡಿತಕ್ಕೆ ತಕ್ಕ ಜೊತೆಗಾರರು ಸಿಕ್ಕಿ, ಅದು ಪೂರ್ತಿ ಅರಳಿತು. ಬೆಳವಣಿಗೆ ಆ ದಿಕ್ಕಿಗೇ ಇತ್ತು.

ಮೂರನೆಯ ಆಕ್ಷೇಪ ಬಣ್ಣದ್ದು, ಅದನ್ನು ಮೆಲ್ಲಗೆ ದಾಟಿಹೋಗುವಂತಿಲ್ಲ. ಜಾಝನ್ನು ಸೃಷ್ಟಿಸಿದವರು ಕರಿಯ ಅಮೆರಿಕನ್ನರು, ಬ್ರೂಬೆಕ್ ಬಿಳಿಯರು, ಕಾಲೇಜು ಸಭಾಂಗಣಗಳ ಬಾಗಿಲು, ದೊಡ್ಡ ಪತ್ರಿಕೆಗಳ ಮುಖಪುಟ ಅವರಿಗೆ ಬೇಗ ಸಿಕ್ಕಿದ್ದಕ್ಕೆ ಅದೂ ಕಾರಣ. 1954ರ ನವೆಂಬರಿನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಆಗ ಜೊತೆಯಲ್ಲೇ ಪ್ರವಾಸದಲ್ಲಿದ್ದ ಕರಿಯ ಜಾಝ್ ರಚನಕಾರ ಡ್ಯೂಕ್ ಎಲಿಂಗ್ಟನ್ ಅವರೇ ಆ ಸಂಚಿಕೆಯನ್ನು ತಂದು ತೋರಿಸಿದರಂತೆ. ಆ ಗೌರವ ಮೊದಲು ಎಲಿಂಗ್ಟನ್‌ಗೆ ಸಲ್ಲಬೇಕಿತ್ತೆಂದು ಬ್ರೂಬೆಕ್ ಜೀವನವಿಡೀ ಹೇಳುತ್ತಿದ್ದರು. ಎಲಿಂಗ್ಟನ್ ಆ ಮುಖಪುಟಕ್ಕೆ ಬಂದದ್ದು 1956ರಲ್ಲಿ. ಆದ್ದರಿಂದ ಕೀರ್ತಿಯ ಹಂಚಿಕೆ ನ್ಯಾಯವಾಗಿತ್ತೆಂದು ಯಾರೂ ಸಾಧಿಸಲಾರರು. ಸಂಗೀತದ ಪ್ರಶ್ನೆ ಬೇರೆ. ಸಂಕಲನದಲ್ಲಿರುವ ‘ದ ಡ್ಯೂಕ್’ ಎಲಿಂಗ್ಟನ್‌ಗೆ ಸಲ್ಲಿಸಿದ ಗೌರವ. ಅದನ್ನು ಕರಿಯ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1957ರ ‘ಮೈಲ್ಸ್ ಅಹೆಡ್’ನಲ್ಲಿ ನುಡಿಸಿದರು. ಬ್ರೂಬೆಕ್ ಅವರ ಇನ್ನೊಂದು ರಚನೆ ‘ಇನ್ ಯುವರ್ ಓನ್ ಸ್ವೀಟ್ ವೇ’ಯನ್ನು ಡೇವಿಸ್ ಅದಕ್ಕೂ ಹಿಂದಿನ ವರ್ಷವೇ ಮುದ್ರಿಸಿದ್ದರು. ಡೇವಿಸ್ ಅವರಷ್ಟು ನಿಷ್ಠುರ ಕಿವಿಯವರು ಎರಡೆರಡು ಸಲ ಕೈಗೆತ್ತಿಕೊಂಡ ರಚನಕಾರನನ್ನು ಪತ್ರಿಕೆಗಳ ಸೃಷ್ಟಿ ಎಂದು ತಳ್ಳಿಹಾಕಲಾಗದು. 1960ರಲ್ಲಿ ದಕ್ಷಿಣ ರಾಜ್ಯಗಳ ಕಾಲೇಜುಗಳಲ್ಲಿ 25 ಕಾರ್ಯಕ್ರಮಗಳು ಗೊತ್ತಾಗಿದ್ದವು. ಕರಿಯರಾದ ಯೂಜೀನ್ ರೈಟ್ ಅವರ ಜಾಗದಲ್ಲಿ ಬಿಳಿಯ ವಾದಕರನ್ನು ಕರೆತನ್ನಿ ಎಂಬ ಬೇಡಿಕೆ ಬಂತು. ಬ್ರೂಬೆಕ್ ಒಪ್ಪಲಿಲ್ಲ, ಇಪ್ಪತ್ತಕ್ಕೂ ಹೆಚ್ಚು ಕಾರ್ಯಕ್ರಮಗಳು ಕೈತಪ್ಪಿದವು. ‘ಟೇಕ್ ಫೈವ್’ನ ತಳದಲ್ಲಿ ಪಿಯಾನೊಗೆ ಹೆಗಲು ಕೊಟ್ಟು ನಡೆಯುವ ಬಾಸ್ ಅದೇ ರೈಟ್ ಅವರದು. ನೆಲವನ್ನು ಇಬ್ಬರೂ ಸೇರಿ ಕಟ್ಟಿದ್ದು, ಮತ್ತು ಆ ಜೊತೆಯನ್ನು ಬಿಡಲು ಬ್ರೂಬೆಕ್ ಸಿದ್ಧರಿರಲಿಲ್ಲ.

ತಟ್ಟೆಯಲ್ಲಿ ಎಲ್ಲವೂ ಇದೇ ಮಟ್ಟದ್ದಲ್ಲ. ‘ಬಾಸಾ ನೋವಾ ಯು.ಎಸ್.ಎ.’ ಅಂದಿನ ಫ್ಯಾಷನ್ನಿನ ಜೊತೆ ಹೋದದ್ದು, ‘ಮಿಸ್ಟರ್ ಬ್ರಾಡ್‌ವೇ’ ಒಂದು ದೂರದರ್ಶನ ಧಾರಾವಾಹಿಯ ಶೀರ್ಷಿಕೆ ಸಂಗೀತ. ಎರಡನ್ನೂ ಬಿಟ್ಟಿದ್ದರೆ ನಷ್ಟವಿರಲಿಲ್ಲ. ಆ ಜಾಗದಲ್ಲಿ 1958ರ ಪ್ರವಾಸದ ಫಲವಾದ ‘ಕ್ಯಾಲ್ಕಟಾ ಬ್ಲೂಸ್’ ಇರಬೇಕಿತ್ತು. ಜಾಝ್ ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಬ್ರೂಬೆಕ್ ದಂಪತಿ ಮಾಡಿದ, ವರ್ಣಭೇದವನ್ನು ನೇರವಾಗಿ ಪ್ರಶ್ನಿಸುವ ‘ದ ರಿಯಲ್ ಅಂಬಾಸಡರ್ಸ್’ ಸಂಗೀತ ನಾಟಕದಿಂದ ಒಂದಾದರೂ ಹಾಡು ಇರಬೇಕಿತ್ತು, ಅದೂ ಕೊಲಂಬಿಯಾದ್ದೇ, ಕಪಾಟಿನ ನೆಪ ಅಲ್ಲಿ ನಡೆಯುವುದಿಲ್ಲ. ಆಯ್ಕೆ ಮಾಡಿದವರಿಗೆ ಲಯದ ಬ್ರೂಬೆಕ್ ಕಂಡರು, ದನಿಯೆತ್ತಿದ ಬ್ರೂಬೆಕ್ ಕಾಣಲಿಲ್ಲ. ಇದು ಸಂಕಲನದ ದೋಷವೇ.

ತಟ್ಟೆ ಬಂದ ಮರುವರ್ಷ, 1967ರ ಡಿಸೆಂಬರಿನಲ್ಲಿ ನಾಲ್ವರ ತಂಡ ಮುಗಿಯಿತು; ಬ್ರೂಬೆಕ್ ದೊಡ್ಡ ಧಾರ್ಮಿಕ ರಚನೆಗಳ ಕಡೆ ಹೊರಳಿದರು. ಡೆಸ್ಮಂಡ್ 1977ರಲ್ಲಿ ತೀರಿಕೊಂಡಾಗ ‘ಟೇಕ್ ಫೈವ್’ನ ರಚನೆಯ ಗೌರವಧನವನ್ನು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟಿದ್ದರು. ತನ್ನದಲ್ಲದ ಆ ರಚನೆಯನ್ನು ಬ್ರೂಬೆಕ್ 2012ರಲ್ಲಿ ಸಾಯುವ ಹತ್ತಿರದವರೆಗೂ ಊರೂರಲ್ಲಿ ನುಡಿಸಿದರು. 2011ರಲ್ಲಿ ಲಾಹೋರಿನ ಸಚಲ್ ಸ್ಟುಡಿಯೊ ವಾದ್ಯವೃಂದ ಅದನ್ನು ಸಿತಾರ್, ತಬಲಾಗಳ ಮೇಲೆ ನುಡಿಸಿ ಮುದ್ರಿಸಿದಾಗ ಮನಸಾರೆ ಮೆಚ್ಚಿದರು. ಅಲ್ಲಿ ಪಿಯಾನೊವನ್ನು ಬಯಸಿ ಯಾರೂ ಕೇಳುವುದಿಲ್ಲ. ವರಸೆ ಮಾತ್ರ ಬ್ರೂಬೆಕ್ ಅವರದೇ.

ಕೇಳುಗರೇ, ಈ ಸಂಕಲನ ನಿಮಗೆ ಸಿಕ್ಕರೆ ಮೊದಲು ಒಮ್ಮೆ ಸುಮ್ಮನೆ ಕೇಳಿ. ಎರಡನೆಯ ಸಲ ‘ಟೇಕ್ ಫೈವ್’ ಹಾಕಿ, ಸ್ಯಾಕ್ಸೊಫೋನನ್ನು ಬಿಟ್ಟು ಪಿಯಾನೊ ಒಂದನ್ನೇ ಹಿಂಬಾಲಿಸಿ. ಮೂರು ಎರಡು ಎಂದು ಕೈಯಲ್ಲಿ ತಾಳ ಹಾಕಿ, ಡ್ರಮ್ಸ್ ಬಂದಾಗಲೂ ನಿಲ್ಲಿಸಬೇಡಿ. ಅಲ್ಲಿಂದ ‘ಟೈಮ್ ಔಟ್’ ಪೂರ್ತಿ ಕೇಳಿ, ಆಮೇಲೆ 1953ರ ‘ಜಾಝ್ ಅಟ್ ಒಬರ್ಲಿನ್’ಗೆ ಹೋಗಿ. ಬ್ರೂಬೆಕ್ ಪಿಯಾನೊ ಮುಂದೆ ಬಂದರೆ ಏನು ಮಾಡಬಲ್ಲದು ಎಂಬುದು ಅಲ್ಲಿ ಕೇಳಿಸುತ್ತದೆ, ಮತ್ತು ಅದು ಈ ತಟ್ಟೆಯಲ್ಲಿಲ್ಲ.